ಅಳತೆಯಮ್ಮನ ಷರಾ

ಅವಳಿಗೆ ಆ ಕೆಲಸ ಸಿಕ್ಕಿದ್ದು ಗಂಡ ಸತ್ತ ಮಾರನೆಯ ದಿನ, ಬೆಳಿಗ್ಗೆ ಎಂಟು ಗಂಟೆಗೆ. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಬಹುದು, ಏಕೆಂದರೆ ಅದು ಪುಸ್ತಕದಲ್ಲಿದೆ.

ಗಂಡ ಹೊಳೆಯ ನೀರಿನ ಮಟ್ಟ ನೋಡಿ ಬರೆಯುವ ನೌಕರನಾಗಿದ್ದ. ಸೇತುವೆಯ ಎರಡನೆಯ ಕಂಬಕ್ಕೆ ಕಪ್ಪು ಬಿಳುಪು ಪಟ್ಟೆ ಬಳಿದ ಅಳತೆಗೋಲು ಬಡಿದಿದ್ದರು. ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಮೆಟ್ಟಿಲಿಳಿದು ಹೋಗಿ, ನೀರು ಯಾವ ಪಟ್ಟೆಗೆ ಮುಟ್ಟಿದೆ ಎಂದು ನೋಡಿ, ದಪ್ಪ ರಿಜಿಸ್ಟರಿನಲ್ಲಿ ಬರೆದು ಕಚೇರಿಗೆ ಫೋನು ಮಾಡಬೇಕು. ನೆರೆ ಬಂದ ಒಂದು ಸಂಜೆ ಆತ ಕೊನೆಯ ಮೆಟ್ಟಿಲಿನವರೆಗೂ ಇಳಿದ. ಮೇಲೆ ಬರಲಿಲ್ಲ. ಬೆಳಗಾದ ಮೇಲೆ ಕಚೇರಿಯ ಸಾಹೇಬರು ಜೀಪಿನಲ್ಲಿ ಬಂದರು. ಬಾಗಿಲಲ್ಲಿ ಕುಕ್ಕರಿಸಿದ್ದ ಇಪ್ಪತ್ತಾರರ ಹೆಂಗಸಿಗೆ ಎರಡು ಸಮಾಧಾನದ ಮಾತು ಹೇಳಿ, ಕೈಗಡಿಯಾರ ನೋಡಿಕೊಂಡರು.

"ಅಂಕಿ ಒಂದು ದಿನಾನೂ ತಪ್ಪಬಾರದಮ್ಮ. ನಿನಗೆ ಓದು ಬರಹ ಬರುತ್ತಾ?"

"ಐದನೇ ಕ್ಲಾಸು."

"ಧಾರಾಳವಾಯ್ತು."

ಗಂಡನನ್ನು ನುಂಗಿದ ನೀರು ಇನ್ನೂ ಎಷ್ಟು ಎತ್ತರಕ್ಕಿದೆ ಎಂಬುದೇ ಅವಳು ಬರೆದ ಮೊದಲ ಅಂಕಿ. ಸಾಹೇಬರು ಪಕ್ಕದಲ್ಲಿ ನಿಂತು, ಸೊನ್ನೆಯನ್ನು ಇನ್ನಷ್ಟು ದುಂಡಗೆ ಬರೆಯಬೇಕೆಂದು ಹೇಳಿಕೊಟ್ಟರು.

ರಿಜಿಸ್ಟರಿನಲ್ಲಿ ದಿನಕ್ಕೊಂದು ಹಾಳೆ. ಮೇಲಿನ ಅರ್ಧದಲ್ಲಿ ತಾರೀಖು, ಎರಡು ಹೊತ್ತಿನ ಅಂಕಿ, ಸಹಿ. ಕೆಳಗಿನ ಅರ್ಧ ಖಾಲಿ. ಅದರ ತಲೆಯ ಮೇಲೆ 'ಷರಾ' ಎಂದು ಅಚ್ಚಾಗಿತ್ತು. ವಿಶೇಷವೇನಾದರೂ ಇದ್ದರೆ ಅಲ್ಲಿ ಬರೆಯಬೇಕು. ನಾಲ್ಕನೆಯ ದಿನ ಅವಳು ಬರೆದಳು: 'ನನ್ನ ಗಂಡನ ಚಪ್ಪಲಿ ಸಿಕ್ಕಿತು. ಎಡಗಾಲಿನದು.' ತಿಂಗಳ ಕೊನೆಗೆ ತಪಾಸಣೆಗೆ ಬಂದ ಸಾಹೇಬರು ಅದಕ್ಕೆ ಕೆಂಪು ಗೆರೆ ಎಳೆದರು.

"ಸರ್ಕಾರಿ ಪುಸ್ತಕದಲ್ಲಿ ಚಪ್ಪಲಿ ಗಿಪ್ಪಲಿ ಎಲ್ಲಾ ಬರೀತಾರೇನಮ್ಮ?"

ಅವಳು ಬರೆಯುವುದನ್ನು ಬಿಟ್ಟಳು. ಚಿತ್ರ ಬಿಡಿಸಬಾರದು ಎಂದೇನೂ ಅವರು ಹೇಳಿರಲಿಲ್ಲವಲ್ಲ. ಅಂದಿನಿಂದ ಏನಾದರೂ ಕಂಡ ದಿನ ಕೆಳಗಿನ ಅರ್ಧದಲ್ಲಿ ಪೆನ್ಸಿಲಿನಿಂದ ಅದನ್ನು ಬಿಡಿಸಿಡುತ್ತಿದ್ದಳು. ತೇಲಿಬಂದ ಮರದ ದಿಮ್ಮಿ, ಅದರ ತುದಿಯಲ್ಲಿ ಕೂತ ಬೆಕ್ಕು. ಸೇತುವೆಯ ಮೇಲಿಂದ ಕಾಗದ ಹರಿದು ಚೂರು ಚೂರಾಗಿ ನೀರಿಗೆ ಹಾಕುತ್ತಿದ್ದ ಹುಡುಗಿ. ಕಚೇರಿಗೆ ಬೇಕಾಗಿದ್ದು ಫೋನಿನಲ್ಲಿ ಹೇಳುವ ಅಂಕಿ ಮಾತ್ರ. ಪುಸ್ತಕದ ತಪಾಸಣೆಗೆ ಮತ್ತೆ ಯಾರೂ ಬರಲಿಲ್ಲ. ಸಾಹೇಬರು ಬದಲಾದರು, ಅವರ ಜಾಗಕ್ಕೆ ಬಂದವರೂ ಬದಲಾದರು. ರಿಜಿಸ್ಟರು ತುಂಬಿದರೆ ಇಡಲು ಅಲ್ಲಿ ಜಾಗವಿಲ್ಲವೆಂದು ಅವಳ ಒಂದೇ ಕೋಣೆಯ ಕ್ವಾರ್ಟರ್ಸಿನಲ್ಲೇ ಬೀರು ಹಾಕಿಸಿಕೊಟ್ಟರು. ಊರವರು ಅವಳನ್ನು ಅಳತೆಯಮ್ಮ ಎಂದರು. ಮನೆಯಲ್ಲಿಟ್ಟ ಹೆಸರು ಏನೆಂದು ಅವಳ ತಮ್ಮನ ಹೆಂಡತಿಗೂ ಗೊತ್ತಿರಲಿಲ್ಲ.

ತಮ್ಮ ಅವಳಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವನು. ಅಪ್ಪ ಅಮ್ಮ ಇಲ್ಲದ ಅವನನ್ನು ಅವಳೇ ಸಾಕಿ ಓದಿಸಿದ್ದಳು. ಸೇತುವೆಯಿಂದ ಮೇಲಕ್ಕೆ, ಹೊಳೆ ತಿರುಗುವಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಶುರುವಾದಾಗ ಮೊದಲ ದಿನವೇ ಅವನನ್ನು ಗೇಟಿಗೆ ಕರೆದುಕೊಂಡು ಹೋಗಿ ಕೆಲಸಕ್ಕೆ ಸೇರಿಸಿದವಳೂ ಅವಳೇ. ಅವನಿಗೆ ಬಣ್ಣದ ಪುಡಿಯ ಸ್ಟೋರಿನಲ್ಲಿ ಕೆಲಸ. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ನೀಲಿ ಹೋಗುತ್ತಿರಲಿಲ್ಲ. ಮದುವೆಯ ಫೋಟೋದಲ್ಲೂ ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ನಿಂತಿದ್ದಾನೆ.

ಕಾರ್ಖಾನೆ ಬಂದ ಎರಡನೆಯ ವರ್ಷ, ಒಂದು ಬೆಳಿಗ್ಗೆ ಅಳತೆಯಮ್ಮ ಮೆಟ್ಟಿಲಿಳಿದಾಗ ಹೊಳೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಪೆನ್ಸಿಲಿನಲ್ಲಿ ಅದನ್ನು ತೋರಿಸುವುದು ಹೇಗೆ? ಒಂದು ಡಬ್ಬಿಯಲ್ಲಿ ಅದೇ ನೀರನ್ನು ತುಂಬಿಕೊಂಡು ಬಂದಳು. ಗಂಡನ ಗಡ್ಡದ ಬ್ರಷ್ಷನ್ನು ಅದರಲ್ಲಿ ಅದ್ದಿ ಕಾಗದದ ಮೇಲೆ ಎಳೆದಳು. ಒಣಗಿದ ಮೇಲೂ ಬಣ್ಣ ಹಾಗೇ ಕೂತಿತು. ಕಾರ್ಖಾನೆಯ ತೊಟ್ಟಿ ತುಂಬಿದಾಗಲೆಲ್ಲ, ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ, ಹೊಳೆಗೆ ಹೀಗೆ ಬಣ್ಣ ಬರುತ್ತಿತ್ತು. ಆ ದಿನಗಳಲ್ಲೆಲ್ಲ ಅವಳು ಹೊಳೆಯ ಚಿತ್ರವನ್ನು ಹೊಳೆಯ ನೀರಿನಿಂದಲೇ ಬರೆದಳು. ಯಾರಿಗೋ ತೋರಿಸಬೇಕೆಂದೂ ಅಲ್ಲ, ಯಾರ ಮೇಲಿನ ಸಿಟ್ಟಿಗೂ ಅಲ್ಲ. ವಿಶೇಷವಿದ್ದರೆ ಬರೆಯಬೇಕು ಎಂದಿದ್ದರು, ಅದಕ್ಕೆ. ಹತ್ತೊಂಬತ್ತು ವರ್ಷಗಳಲ್ಲಿ ಅಂಥ ಬಣ್ಣದ ಹಾಳೆಗಳು ತೊಂಬತ್ತಾರು ಆದವು.

ಅವಳ ನೌಕರಿಯ ಮೂವತ್ತೊಂದನೆಯ ವರ್ಷದಲ್ಲಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಸೇತುವೆಯ ಚಿತ್ರ ಬರೆಯಲೆಂದು ಬಂದು, ಕುಡಿಯಲು ನೀರು ಕೇಳಿಕೊಂಡು ಅವಳ ಕೋಣೆಗೆ ಬಂದರು. ಮೇಜಿನ ಮೇಲೆ ತೆರೆದಿದ್ದ ರಿಜಿಸ್ಟರನ್ನು ಕಂಡವರು ನೀರು ಕುಡಿಯುವುದನ್ನೇ ಮರೆತರು. ಹಾಳೆ ಮೇಲೆ ಹಾಳೆ ಮಗುಚುತ್ತ ಹೋದರು. ಅವರ ಕಣ್ಣು ಒದ್ದೆಯಾದದ್ದನ್ನು ಅವಳು ನೋಡಿದಳು. ಮೇಷ್ಟ್ರು ಕೆಟ್ಟವರಲ್ಲ. ಹೊಳೆಯ ಮೇಲೆ ಅವರಿಗೆ ನಿಜವಾಗಿಯೂ ಪ್ರೀತಿ ಇತ್ತು. ನಾಲ್ಕಾರು ಜನರನ್ನು ಸೇರಿಸಿ ನದಿ ಬಳಗವೆಂದು ಕಟ್ಟಿಕೊಂಡಿದ್ದರು. ಅವಳು ಹೊಳೆ ಎನ್ನುತ್ತಿದ್ದುದು ಬಳಗದವರ ಬಾಯಲ್ಲಿ ಯಾವಾಗಲೂ ನದಿ.

"ಅಮ್ಮ, ಇವು ಬೀರುವಿನಲ್ಲಿ ಕೊಳೀಬಾರದು. ಊರು ನೋಡ್ಬೇಕು. ನದೀನ ಉಳಿಸೋಕೆ ಇದಕ್ಕಿಂತ ಇನ್ನೇನು ಬೇಕು? ಪ್ರದರ್ಶನ ಮಾಡೋಣ."

"ಪುಸ್ತಕಾನೇ ಹೊತ್ಕೊಂಡು ಬರ್ಬೇಕಾ?"

"ಪುಸ್ತಕ ಗೋಡೆಗೆ ಹಾಕೋಕಾಗುತ್ತಾ? ಬಿಡಿಸಿ ತೆಗೀಬೇಕು. ಬಣ್ಣದವು ಮಾತ್ರ ಸಾಕು. ಪೆನ್ಸಿಲಿನವು ದೂರದಿಂದ ಕಾಣಲ್ಲ."

"ಮೇಷ್ಟ್ರೇ, ಇದು ಸರ್ಕಾರಿ ಪುಸ್ತಕ."

"ಸರ್ಕಾರ ಒಂದ್ಸಲನಾದ್ರೂ ಇದನ್ನ ತೆಗೆದು ನೋಡಿದೆಯಾ, ಹೇಳಿ."

ನೋಡಿರಲಿಲ್ಲ.

"ಅಂಕಿ ಇರೋ ಭಾಗ ನಾನು ಮುಟ್ಟೋದೇ ಇಲ್ಲ. ಕೆಳಗಿನ ಅರ್ಧ ಮಾತ್ರ. ಅದು ಸರ್ಕಾರದ್ದಲ್ಲ ಅಮ್ಮ, ಅದು ನಿಮ್ಮದು."

ಆ ಕೋಣೆ ಅವಳದಲ್ಲ. ಕೂರುವ ಕುರ್ಚಿಯ ಬೆನ್ನಿಗೂ ಕಚೇರಿಯ ನಂಬರು ಬಳಿದಿದ್ದರು. ಮೂವತ್ತೊಂದು ವರ್ಷದಲ್ಲಿ ಯಾವುದನ್ನಾದರೂ ತೋರಿಸಿ ಇದು ನಿಮ್ಮದು ಎಂದವರು ಮೇಷ್ಟ್ರೊಬ್ಬರೇ. ಮೂರು ಮಧ್ಯಾಹ್ನ ಇಬ್ಬರೂ ಮೇಜಿನ ಮುಂದೆ ಕೂತರು. ಮೇಷ್ಟ್ರು ಬ್ಲೇಡು ಎಳೆದರು. ಹಾಳೆ ಅಲುಗಾಡದಂತೆ ಸ್ಕೇಲನ್ನು ಒತ್ತಿ ಹಿಡಿದವಳು ಅವಳೇ.

ಶಾಲೆಯ ಹಾಲಿನಲ್ಲಿ ಪ್ರದರ್ಶನ ಆಯಿತು. ರಿಜಿಸ್ಟರಿನ ಅಚ್ಚುಗೆರೆ ಅಂದಗೆಡಿಸುತ್ತದೆಂದು ಮೇಷ್ಟ್ರು ನಾಲ್ಕೂ ಅಂಚು ಕತ್ತರಿಸಿ, ಬಿಳಿ ರಟ್ಟಿಗೆ ಅಂಟಿಸಿ, ಗಾಜು ಹಾಕಿಸಿದ್ದರು. ಪ್ರತಿಯೊಂದರ ಕೆಳಗೂ ಒಂದು ಹೆಸರು: 'ಸಂಜೆಯ ಸ್ವಗತ', 'ನದಿಯ ನಾಚಿಕೆ', 'ಮೌನದ ಮೂರು ಅಲೆ'. ಅವಳು ಅವುಗಳನ್ನು ಒಂದೊಂದಾಗಿ ಓದಿ, ಇದು ತನ್ನ ಚಿತ್ರವೋ ಅಲ್ಲವೋ ಎಂದು ಒಳಗೆ ಇಣುಕಿ ನೋಡಿದಳು. ಆಮೇಲೆ ಮೇಷ್ಟ್ರು ಅವಳನ್ನು ಜನರ ಮುಂದೆ ನಿಲ್ಲಿಸಿ, ಒಂದೊಂದರ ಕಥೆ ಹೇಳಿ ಎಂದರು. ಮೊದಲೆರಡು ಚಿತ್ರಕ್ಕೆ ತಾರೀಖು ಮಾತ್ರ ಹೇಳಿದಳು. 'ನದಿಯ ನಾಚಿಕೆ'ಯ ಎದುರು ನಿಂತಾಗ ಮಾತು ತಾನಾಗಿ ಬಂತು.

"ಅವತ್ತು ಹೊಳೆ ಕೆಂಪಗಿತ್ತು. ಕೆಳಗಿನ ಬೀದಿಯ ಒಬ್ಬಳ ಬಾತುಕೋಳಿ ಬೆಳ್ಳಗೆ ನೀರಿಗಿಳೀತು, ಕೆಂಪಗೆ ಮೇಲೆ ಬಂತು. ಅವಳು ಇದು ನಂದಲ್ಲ ಅಂತ ಕೋಲು ತಗೊಂಡು ಅಟ್ಟಿದ್ಲು."

ಜನ ಗೊಳ್ಳೆಂದು ನಕ್ಕರು.

"ಅದು ಮೂರು ದಿನ ಅವಳ ಬಾಗಿಲಲ್ಲೇ ಕೂತಿತ್ತು. ಒಳಗೆ ಬಿಡ್ಲಿಲ್ಲ. ನಾಲ್ಕನೇ ದಿನ ಬಾಗಿಲಲ್ಲೇ ಸತ್ತುಹೋಯ್ತು."

ನಗು ಅರ್ಧಕ್ಕೆ ನಿಂತಿತು. ಮುಂದಿನ ಚಿತ್ರಕ್ಕೆ ಹೋದಳು. ಹಸಿರು ಹೊಳೆ, ದಡದಲ್ಲಿ ಕೂಸಿಗೆ ನೀರು ಹೊಯ್ಯುತ್ತಿರುವ ಬಾಣಂತಿ. ಮಗುವಿನ ಮೈತುಂಬ ಬೊಕ್ಕೆ ಎದ್ದದ್ದು, ಹೊಕ್ಕುಳಿನ ಹಸಿರು ಆರು ತಿಂಗಳಾದರೂ ಹೋಗದೇ ಇದ್ದದ್ದು. ಪ್ರತಿ ಚಿತ್ರದ ತಾರೀಖು ಅವಳಿಗೆ ಬಾಯಿಪಾಠ. ಎರಡು ವಾರ ದಿನವೂ ಶಾಲೆಯ ಹಾಲ್ ಜನರಿಂದ ತುಂಬಿತು. ಮನೆಗೆ ಹೋಗಿ ಒಬ್ಬಳೇ ಕನ್ನಡಿಯ ಮುಂದೆ ನಿಂತು, ನಾಳೆ ಯಾವ ಕಥೆಯಲ್ಲಿ ಎಲ್ಲಿ ಮಾತು ತಡೆಯಬೇಕು ಎಂದು ಯೋಚಿಸುವಷ್ಟು ರುಚಿ ಹತ್ತಿತು ಅವಳಿಗೆ.

ಕೊನೆಯ ದಿನ ಕಾರ್ಖಾನೆಯ ಮಾಲೀಕರು ಬಂದರು. ಕೈ ಹಿಂದೆ ಕಟ್ಟಿಕೊಂಡು ಸಾವಕಾಶವಾಗಿ ಎಲ್ಲವನ್ನೂ ನೋಡಿದರು.

"ಯಾವ ಕಂಪನಿ ಬಣ್ಣ ಇದು?" ಎಂದು ಕೇಳಿದರು.

ಮೇಷ್ಟ್ರು ಎದೆಯುಬ್ಬಿಸಿ ಹೇಳಿದರು: "ನದಿಯದೇ ನೀರು ಸಾರ್! ಬೇರೆ ಬಣ್ಣ ಒಂದು ಹನಿ ಇಲ್ಲ."

ಮಾಲೀಕರು ಇನ್ನೊಂದು ಸುತ್ತು ನೋಡಿ ಬಂದರು. ಈ ಸಲ ಹತ್ತಿರದಿಂದ. ಆಮೇಲೆ ಮೈಕಿನ ಮುಂದೆ ನಿಂತು, ತೊಂಬತ್ತಾರು ಚಿತ್ರಗಳನ್ನೂ ತಾವೇ ಕೊಳ್ಳುವುದಾಗಿಯೂ ಆ ಹಣವೆಲ್ಲ ನದಿಗಾಗಿ ಎಂದೂ ಸಾರಿದರು. ಸಭೆಗೆ ಸಭೆಯೇ ಎದ್ದು ನಿಂತಿತು. ಅಳತೆಯಮ್ಮನೂ ಚಪ್ಪಾಳೆ ತಟ್ಟಿದಳು. ತಮ್ಮ ಹಿಂದಿನ ಸಾಲಿನಲ್ಲಿ ನಿಂತು, "ನಮ್ಮಕ್ಕ, ನಮ್ಮಕ್ಕ" ಎಂದು ಅಕ್ಕಪಕ್ಕದವರಿಗೆ ತೋರಿಸುತ್ತಿದ್ದ.

ಬಳಗದವರು ಆ ಹಣದಲ್ಲಿ ಸೇತುವೆಯ ಗೋಡೆಗೆ ಚಿತ್ರ ಬರೆಸಿದರು. ಆ ಹೊಳೆಯಲ್ಲಿ ಎಂದೂ ಇರದಿದ್ದ ಬಂಗಾರದ ಬಣ್ಣದ ಮೀನುಗಳು ಗೋಡೆಯ ಉದ್ದಕ್ಕೂ ಹಲ್ಲು ಬಿಟ್ಟು ನಕ್ಕವು.

ಆದರೆ ಕಥೆ ಕೇಳಿದವರಲ್ಲಿ ಕೆಳಗಿನ ಬೀದಿಯವರೂ ಇದ್ದರು. ತಮ್ಮ ಮಕ್ಕಳ ಮೈಮೇಲಿನ ಬೊಕ್ಕೆ ಬೊಕ್ಕೆಯಷ್ಟೇ ಅಲ್ಲ, ಅದಕ್ಕೊಂದು ತಾರೀಖಿದೆ ಎಂದು ಅವರಿಗೆ ಮೊದಲ ಸಲ ಹೊಳೆದದ್ದು ಅಲ್ಲೇ. ನಲವತ್ತು ಮನೆಯವರು ಸೇರಿ ದೂರು ಕೊಟ್ಟರು. ಹೊರಗಿನಿಂದ ವಿಚಾರಣಾಧಿಕಾರಿ ಬಂದರು. ನಾವು ಬಿಡುವುದು ಶುದ್ಧ ಮಾಡಿದ ನೀರು, ಬಣ್ಣದ ನೀರನ್ನು ಒಂದು ದಿನವೂ ಬಿಟ್ಟಿಲ್ಲ ಎಂದು ಕಾರ್ಖಾನೆಯವರು ಬರೆದುಕೊಟ್ಟರು. ಅಧಿಕಾರಿ ಕೇಳಿದರು: ದಿನವೂ ಹೊಳೆ ನೋಡುವವರು ಯಾರಾದರೂ ಇದ್ದಾರೆಯೇ?

ಅಳತೆಯಮ್ಮ ಹತ್ತೊಂಬತ್ತು ರಿಜಿಸ್ಟರುಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಹೋದಳು. ಕೆಳಗಿನ ಬೀದಿಯವರು ಗಾಡಿ ತಳ್ಳಿದರು. ಪುಸ್ತಕಗಳನ್ನು ಮೇಜಿನ ಮೇಲೆ ಪೇರಿಸುವಾಗಲೂ ಅವಳಿಗೆ ಏನೂ ಅಳುಕಿರಲಿಲ್ಲ.

ಅಧಿಕಾರಿ ಮೊದಲ ರಿಜಿಸ್ಟರು ತೆರೆದರು. ಮಗುಚಿದರು. ಒಂದು ಕಡೆ ನಿಂತರು. ಅರ್ಧ ಹಾಳೆ. ಮತ್ತೆ ಮಗುಚಿದರು. ಇನ್ನೊಂದು ಅರ್ಧ ಹಾಳೆ.

"ಇಲ್ಲಿದ್ದದ್ದು ಎಲ್ಲಮ್ಮ?"

"ಅದು... ಅದು ಚಿತ್ರ ಸ್ವಾಮಿ. ಪ್ರದರ್ಶನಕ್ಕೆ ಕೊಟ್ಟಿದ್ದೆ. ಅಂಕಿ ಎಲ್ಲಾ ಹಾಗೇ ಇದೆ ನೋಡಿ."

"ಅಂಕಿ ಯಾರಿಗೆ ಬೇಕು? ಬಣ್ಣ ಬಂತಾ ಇಲ್ವಾ ಅನ್ನೋದಲ್ವಾ ಪ್ರಶ್ನೆ?"

ಅಧಿಕಾರಿ ಅಷ್ಟಕ್ಕೇ ಕೈಬಿಡಲಿಲ್ಲ. ಮರುದಿನ ಅವಳನ್ನೂ ಮೇಷ್ಟ್ರನ್ನೂ ಕರೆದುಕೊಂಡು ಕಾರ್ಖಾನೆಗೆ ಹೋದರು. ಅತಿಥಿಗಳು ಕೂರುವ ಕೋಣೆಯ ಮೂರು ಗೋಡೆಯ ತುಂಬ ತೊಂಬತ್ತಾರೂ ತೂಗುತ್ತಿದ್ದವು. ಮಾಲೀಕರು ಎಲ್ಲರಿಗೂ ಟೀ ತರಿಸಿದರು. ಅಧಿಕಾರಿ ಒಂದೊಂದು ಚೌಕಟ್ಟನ್ನೂ ಇಳಿಸಿ ಹಿಂದೆ ಮುಂದೆ ನೋಡಿದರು. ಎಲ್ಲೂ ತಾರೀಖಿಲ್ಲ. ಯಾವ ಅರ್ಧ ಯಾವ ಹಾಳೆಯದೆಂದು ಅಂಚು ಕೂಡಿಸಿ ನೋಡೋಣವೆಂದರೆ ಅಂಚೇ ಇಲ್ಲ.

"ಕತ್ತರಿಸಿದ ಅಂಚು ಎಲ್ಲಿ ಮೇಷ್ಟ್ರೇ?"

"ಕಸಕ್ಕೆ ಹೋಯ್ತು ಸಾರ್," ಎಂದರು ಮೇಷ್ಟ್ರು. "ನಾನು ಕತ್ತರಿಸಿದ್ದು ನಿಜ. ಅವರ ಒಪ್ಪಿಗೆಯಿಂದಲೇ," ಎಂದು ಸೇರಿಸಿದರು. ಸುಳ್ಳೇನಲ್ಲ.

"ತಾರೀಖು ನಾನು ಹೇಳ್ತೀನಿ ಸ್ವಾಮಿ," ಅಳತೆಯಮ್ಮ ಮುಂದೆ ಬಂದಳು. "ಒಂದೊಂದೂ ನನಗೆ ಬಾಯಲ್ಲಿದೆ. ಕೇಳಿ ಬೇಕಾದ್ರೆ."

ಅಧಿಕಾರಿ ಕನ್ನಡಕ ತೆಗೆದರು. "ಪುಸ್ತಕದಲ್ಲಿದ್ದಿದ್ರೆ ಇದು ದಾಖಲೆ ಆಗ್ತಿತ್ತಮ್ಮ. ಗೋಡೆ ಮೇಲೆ ಬಂದಮೇಲೆ ಚಿತ್ರ. ನಿಮ್ಮ ಬಾಯಲ್ಲಿದ್ರೆ ಅದು ಕಥೆ."

ಒಂದೇ ದಾರಿ ಉಳಿದಿತ್ತು. ಕಾಗದದಲ್ಲಿ ಇಂಗಿದ್ದು ಕಾರ್ಖಾನೆಯ ಬಣ್ಣವೇ ಎಂದು ಪರೀಕ್ಷೆಯಲ್ಲಿ ಗೊತ್ತಾಗುತ್ತದಲ್ಲ ಎಂದು ಅಧಿಕಾರಿ ಗಟ್ಟಿಯಾಗಿಯೇ ಯೋಚಿಸಿದರು. ಮಾಲೀಕರು ಟೀ ಕೆಳಗಿಟ್ಟರು.

"ಗೊತ್ತಾಗ್ಲಿ ಸಾರ್. ನಮ್ಮದೇ ಬಣ್ಣ ಇರಬಹುದು. ಹೊಳೆ ಮೂಲಕವೇ ಬಂತು ಅಂತ ಹೇಗೆ ಹೇಳ್ತೀರಿ? ಈ ಅಮ್ಮನ ತಮ್ಮ ನಮ್ಮ ಬಣ್ಣದ ಸ್ಟೋರಿನಲ್ಲೇ ಇದ್ದಾನೆ. ಕರೆಸಿ ಕೇಳಿ."

ತಮ್ಮನನ್ನು ಕರೆಸಿದರು. ಕೆಲಸದ ಬಟ್ಟೆಯಲ್ಲೇ ಬಂದು, ಕಾರ್ಪೆಟ್ಟಿನ ಮೇಲೆ ಕಾಲಿಡಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲಿ ನಿಂತ.

"ನಿಮ್ಮಕ್ಕನಿಗೆ ಯಾವಾಗಾದ್ರೂ ಸ್ಟೋರಿನಿಂದ ಬಣ್ಣದ ಪುಡಿ ತಗೊಂಡು ಹೋಗಿ ಕೊಟ್ಟಿದ್ದೀಯಾ?" ಅಧಿಕಾರಿ ಕೇಳಿದರು. "ಹೆದರ್ಬೇಡ. ಇದ್ದದ್ದು ಹೇಳು."

ಅವನು ಮಾಲೀಕರನ್ನು ನೋಡಿದ. ಮಾಲೀಕರು ಗೋಡೆಯ ಚಿತ್ರ ನೋಡುತ್ತಿದ್ದರು. ಅವನು ಅಕ್ಕನನ್ನು ನೋಡಲಿಲ್ಲ.

"ಕೊಟ್ಟಿದ್ದೀನಿ ಸಾರ್. ಚಿತ್ರ ಬರೆಯೋಕೆ ಅಂತ ಕೇಳ್ತಿದ್ರು. ಚೂರು ಚೂರು. ಒಂದೆರಡು ಸಲ."

ಅಳತೆಯಮ್ಮ ಕೈಯಲ್ಲಿದ್ದ ಟೀ ಚೆಲ್ಲಬಾರದೆಂದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಂಟು ವರ್ಷದವನಿದ್ದಾಗ ಇವನಿಗೆ ಸುಳ್ಳು ಹೇಳಲು ಬರುತ್ತಲೇ ಇರಲಿಲ್ಲ, ಕಿವಿ ಕೆಂಪಾಗುತ್ತಿತ್ತು. ಈಗಲೂ ಕಿವಿ ಕೆಂಪಾಗಿತ್ತು. ಅದನ್ನು ಕಂಡವಳು ಆ ಕೋಣೆಯಲ್ಲಿ ಅವಳೊಬ್ಬಳೇ. ಅದೂ ದಾಖಲೆಯಲ್ಲ.

ದೂರು ಬಿದ್ದುಹೋಯಿತು. ಅಧಿಕಾರಿ ವರದಿಯ ಕೊನೆಯಲ್ಲಿ, ಸರ್ಕಾರಿ ರಿಜಿಸ್ಟರಿನ ಹಾಳೆಗಳನ್ನು ಕತ್ತರಿಸಿದ್ದು ಗಮನಕ್ಕೆ ಬಂದಿದೆ ಎಂದು ಒಂದು ಸಾಲು ಬರೆದರು. ಬರೆಯದಿದ್ದರೆ ಅವರ ಕೆಲಸಕ್ಕೆ ಕುತ್ತು ಬರುತ್ತಿತ್ತು. ಆ ಒಂದು ಕೆಂಪು ಗೆರೆಯ ನಂತರ ಪುಸ್ತಕವನ್ನು ಮೂಸಿಯೂ ನೋಡದ ಕಚೇರಿ ಈಗ ನಾಲ್ಕು ಜನರನ್ನು ಕಳಿಸಿ ಒಂದೊಂದು ಹಾಳೆಯನ್ನೂ ಎಣಿಸಿತು. ದಾಖಲೆ ನಾಶದ ಆರೋಪದ ಮೇಲೆ ಅವಳನ್ನು ವಜಾ ಮಾಡಿದರು. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಪಿಂಚಣಿ ಇಲ್ಲ. ಕ್ವಾರ್ಟರ್ಸ್ ಖಾಲಿ ಮಾಡಲು ಒಂದು ವಾರ.

ಆ ವಾರ ಕೆಳಗಿನ ಬೀದಿಯಲ್ಲಿ ಹಾದುಹೋಗುವಾಗ, ಹಸಿರು ಹೊಕ್ಕುಳಿನ ಮಗುವಿನ ತಾಯಿ ಬಾಗಿಲಲ್ಲಿ ನಿಂತಿದ್ದಳು. ಮಗು ಈಗ ಬೆಳೆದು ದೊಡ್ಡವಳಾಗಿ ಪಕ್ಕದಲ್ಲೇ ನಿಂತಿದ್ದಳು, ಮೊಣಕೈವರೆಗೂ ಕಲೆ. ತಾಯಿ ಮಗಳಿಗೆ ಕೇಳಿಸುವ ಹಾಗೆ, ಬೀದಿಗೆಲ್ಲ ಕೇಳಿಸುವ ಹಾಗೆ ಹೇಳಿದಳು: "ನೋಡ್ಕೋ. ನಿನ್ನ ಮೈಮೇಲಿನ ಬೊಕ್ಕೆಗೆ ಗಾಜು ಹಾಕಿಸಿ ಮಾರಿದೋಳು ಇವಳೇ."

ಅಳತೆಯಮ್ಮ ತಲೆ ತಗ್ಗಿಸಿ ನಡೆದಳು. ಸ್ಕೇಲು ಹಿಡಿದ ಕೈ ಅವಳದೇ.

ಮೇಷ್ಟ್ರು ಒಂದು ಸಲ ಬಂದರು. ನದಿಗಾಗಿ ಮಾಡಿದ ಸೇವೆಗೆಂದು ಅವರಿಗೆ ಯಾವುದೋ ಪ್ರಶಸ್ತಿ ಬಂದಿತ್ತು. ಪೇಪರಿನಲ್ಲಿ ಓದಿದ್ದಳು. ಬಾಗಿಲಲ್ಲೇ ನಿಂತು, ನಾನು ಹೀಗಾಗುತ್ತೆ ಅಂದುಕೊಂಡಿರಲಿಲ್ಲ ಅಮ್ಮ ಎಂದು ಮೂರು ಸಲ ಹೇಳಿದರು. ಆಮೇಲೆ, ನಿಮ್ಮ ಕಥೆಗಳನ್ನಾದರೂ ಬರೆದಿಟ್ಟುಕೊಳ್ಳುತ್ತೇನೆ, ಬಳಗದ ಮಕ್ಕಳಿಗೆ ಹೇಳುತ್ತೀರಾ ಎಂದು ಕೇಳಿದರು.

"ಅವು ಎಲ್ಲಾ ಸುಳ್ಳಂತೆ ಮೇಷ್ಟ್ರೇ," ಎಂದಳು. "ಬಣ್ಣ ನಮ್ಮ ತಮ್ಮ ತಂದುಕೊಟ್ಟಿದ್ದಂತೆ. ಮಕ್ಕಳಿಗೆ ಸುಳ್ಳು ಹೇಳಬಾರದು."

ಹೋಗಲು ಬೇರೆ ಜಾಗವಿರಲಿಲ್ಲ. ಟ್ರಂಕು ಹೊತ್ತುಕೊಂಡು ತಮ್ಮನ ಮನೆಗೇ ಹೋದಳು. ಅವನು ಈಗ ಸ್ಟೋರಿನ ಮೇಲ್ವಿಚಾರಕ. ಬಾಗಿಲು ತೆರೆದವನು ಟ್ರಂಕನ್ನು ಅವಳ ತಲೆಯಿಂದ ಇಳಿಸಿಕೊಂಡು, ಅಲ್ಲೇ ಹಜಾರದಲ್ಲಿ ನಿಂತು ಅತ್ತ.

"ನಂಗೂ ಹೆಂಡ್ತಿ ಮಕ್ಕಳಿದ್ದಾರೆ ಅಕ್ಕ."

"ನಾನು ಯಾವತ್ತಾದ್ರೂ ನಿನ್ನ ಹತ್ರ ಬಣ್ಣ ಕೇಳಿದ್ನಾ?"

"ಇಲ್ಲ."

"ಇನ್ನೊಂದ್ಸಲ ಹೇಳು."

"ಇಲ್ಲ ಅಕ್ಕ. ಕೇಳಿರ್ಲಿಲ್ಲ."

ಅವಳಿಗೆ ಅಷ್ಟು ಸಾಕಾಯಿತೋ, ಅಥವಾ ಇದಕ್ಕಿಂತ ಹೆಚ್ಚು ಎಲ್ಲೂ ಸಿಗುವುದಿಲ್ಲವೆಂದು ತಿಳಿಯಿತೋ, ಒಳಗೆ ಹೋಗಿ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಹಾಸಿಗೆ ಬಿಚ್ಚಿದಳು. ಆ ಕೋಣೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಸೇತುವೆಯ ಕಡೆ ಅವಳು ಮತ್ತೆ ಹೋಗಲಿಲ್ಲ. ಅಲ್ಲೀಗ ನೀರಿನ ಮಟ್ಟವನ್ನು ಒಂದು ಯಂತ್ರ ತಾನೇ ನೋಡಿ ತಾನೇ ಕಳಿಸುತ್ತದಂತೆ. ಅದರಲ್ಲಿ ಷರಾ ಇಲ್ಲ.

ವರ್ಷದ ಕೊನೆಗೆ ಕಾರ್ಖಾನೆಯವರು ಕೆಲಸಗಾರರಿಗೆಲ್ಲ ಒಂದೊಂದು ಕ್ಯಾಲೆಂಡರು ಕೊಟ್ಟರು. ತಮ್ಮನ ಹೆಂಡತಿ ಯೋಚಿಸದೆ ಅದನ್ನು ಊಟದ ಮೇಜಿನ ಎದುರು ಮೊಳೆಗೆ ತಗುಲಿಸಿದಳು. ತಿಂಗಳಿಗೊಂದರಂತೆ ಹನ್ನೆರಡು ಚಿತ್ರ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಚಿತ್ರಗಳು: ನಮ್ಮ ಸಂಗ್ರಹದಿಂದ' ಎಂದಿತ್ತು. ಅಳತೆಯಮ್ಮ ತಟ್ಟೆಯ ಮುಂದೆ ಕೂತು ಕಣ್ಣು ಕಿರಿದು ಮಾಡಿ ನೋಡಿದಳು. ಅಚ್ಚಿನವರು ಬಣ್ಣ ತಿದ್ದಿದ್ದರು. ನೇರಳೆಯೂ ಇಲ್ಲ, ಕೆಂಪೂ ಇಲ್ಲ, ಹೊಳೆ ಎಲ್ಲೆಡೆ ಒಂದೇ ಹಿತವಾದ ನೀಲಿ. ಕೆಳಗೆ ಸಾಲಾಗಿ ತಾರೀಖುಗಳು, ಒಂದರಿಂದ ಮೂವತ್ತೊಂದು.

ತಮ್ಮನ ಹೆಂಡತಿ ಬಡಿಸುತ್ತ, "ಚೆನ್ನಾಗಿದೆ ಅಲ್ವಾ?" ಎಂದಳು. "ದಡದಲ್ಲಿ ನಾಯಿ ಹ್ಯಾಗೆ ಮಲ್ಕೊಂಡಿದೆ ನೋಡಿ, ಎಷ್ಟು ನೆಮ್ಮದಿಯಾಗಿ."

"ಮಲಗಿಲ್ಲ ಅದು," ಎಂದಳು ಅಳತೆಯಮ್ಮ. "ನೀರು ಕುಡೀತು. ಹತ್ತು ನಿಮಿಷ ಒದ್ದಾಡ್ತು. ಆಮೇಲೆ..."

"ಊಟದ ಹೊತ್ತಲ್ಲಿ ಬೇಡ ಅಕ್ಕ," ಎಂದ ತಮ್ಮ, ತಲೆ ಎತ್ತದೆ.

ಅವಳು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಲ್ಲರೂ ಊಟ ಮಾಡಿದರು.